ಎರಡನೆಯ ಬಾಯಿ

ನಮ್ಮೂರಿನಲ್ಲಿ ಯಾರಾದರೂ ನಿಮ್ಮ ಮಾತಿಗೆ ಬರೀ ‘ಹೌದು’ ಎಂದು ಸುಮ್ಮನಾದರೆ ಅವರು ನಿಮ್ಮ ಮೇಲೆ ಮುನಿಸಿಕೊಂಡಿದ್ದಾರೆ ಎಂದೇ ತಿಳಿಯಬೇಕು. ಸಾರು ಚೆನ್ನಾಗಿದೆ ಎಂದು ಗಂಡ ಹೇಳಿದರೆ, ಹೂಂ, ಇಂಗು ಒಂದು ಚಿಟಿಕೆ ಮುಂದಾಯಿತು ಎಂದು ಹೆಂಡತಿ ಸೇರಿಸುತ್ತಾಳೆ. ನಿನ್ನೆ ಮಳೆ ಬಂತು ಎಂದು ಒಬ್ಬ ಅಂದರೆ, ನಮ್ಮ ಬಚ್ಚಲ ತೂಬು ಕಟ್ಟಿಕೊಂಡಿತು ಎಂದು ಇನ್ನೊಬ್ಬ ಅನ್ನುತ್ತಾನೆ. ಹಾಗೆ ಅಂದರೇನೇ ಸಾರು ಉಂಡದ್ದು ಉಳಿಯುತ್ತದೆ, ಮಳೆ ಬಂದದ್ದು ಉಳಿಯುತ್ತದೆ. ಒಂದೇ ಬಾಯಲ್ಲಿ ನಿಂತ ಸಂಗತಿ ಒಂಬತ್ತನೆಯ ದಿನ ಬೆಳಗಾಗುವಷ್ಟರಲ್ಲಿ ಕಳಚಿಹೋಗುತ್ತದೆ. ನೆನಪೂ ಹೋಗುತ್ತದೆ, ಬರೆದಿಟ್ಟ ಶಾಯಿಯೂ ಹೋಗುತ್ತದೆ. ಅಂಗಿಯ ಗುಂಡಿ ಕಳಚಿ ಬಿದ್ದ ಹಾಗೆ, ಯಾವಾಗ ಬಿತ್ತು ಎಂದು ಯಾರೂ ಕಂಡಿರುವುದಿಲ್ಲ.

ಜನ ಇದಕ್ಕೆ ಹೊಂದಿಕೊಂಡು ಎಷ್ಟೋ ತಲೆಮಾರಾಗಿದೆ. ಒಬ್ಬನೇ ಹೋಗಿ ಕೊಡ ಕದ್ದರೆ ಒಂಬತ್ತನೆಯ ದಿನ ಆ ಕೊಡ ಕಳಕೊಂಡವರ ಮನೆಯ ಕಟ್ಟೆಯ ಮೇಲೇ ಕೂತಿರುತ್ತದೆ. ಆದ್ದರಿಂದ ನಮ್ಮ ಕಳ್ಳರು ಜೋಡಿಯಾಗಿ ಹೋಗುತ್ತಾರೆ, ಜೋಡಿಯಾಗಿ ಹೋಗುವುದರಿಂದಲೇ ಸಿಕ್ಕಿಬೀಳುತ್ತಾರೆ. ಪ್ರೀತಿಸುವವರಿಗೆ ತೊಂದರೆಯಿಲ್ಲ, ಹೇಗೂ ಇಬ್ಬರಿದ್ದಾರಲ್ಲ ಎಂದು ನೀವು ಅನ್ನಬಹುದು. ಆದರೆ ಎರಡು ಬಾಯಿ ಇದ್ದರೆ ಸಾಲದು, ಎರಡು ಬೇರೆ ಮಾತೂ ಇರಬೇಕು. ಒಂದೇ ಮಾತನ್ನು ಇಬ್ಬರು ಹೇಳಿದರೆ ಅದು ಒಂದು ಬಾಯಿಯ ಲೆಕ್ಕವೇ. ಹೊಸದಾಗಿ ಪ್ರೀತಿಯಲ್ಲಿ ಬಿದ್ದವರು ಒಬ್ಬರು ಅಂದದ್ದನ್ನೇ ಇನ್ನೊಬ್ಬರು ಅನ್ನುತ್ತಾರೆ, ಹತ್ತನೆಯ ದಿನ ಬೀದಿಯಲ್ಲಿ ಎದುರಾದರೆ ಯಾರೋ ಏನೋ ಎಂಬಂತೆ ಹೋಗುತ್ತಾರೆ. ನನ್ನನ್ನೂ ನನ್ನ ಹೆಂಡತಿಯನ್ನೂ ನೋಡಿ. ಮದುವೆಯ ದಿನ ಮಜ್ಜಿಗೆಗೆ ಉಪ್ಪು ಹಾಕಿದ್ದರೋ ಇಲ್ಲವೋ ಎಂದು ಇಪ್ಪತ್ತೊಂದು ವರ್ಷದಿಂದ ಕಚ್ಚಾಡುತ್ತಿದ್ದೇವೆ. ನಮ್ಮ ಮದುವೆಯನ್ನು ಅಲುಗಿಸಲು ಯಾರಿಂದಲೂ ಆಗುವುದಿಲ್ಲ.

ದಿನದ ಸಣ್ಣಪುಟ್ಟ ಸಂಗತಿಗೆ ನೆರೆಹೊರೆ ಸಾಕು. ದೊಡ್ಡದಕ್ಕೆ ನಮ್ಮ ಕಚೇರಿ ಇದೆ. ಅದರ ಬಾಗಿಲ ಮೇಲೆ ಇಂಗ್ಲಿಷಿನ ಒಂದೇ ಒಂದು ಪದ ಬರೆದ ತಗಡಿನ ಬೋರ್ಡು ಇದೆ. ಕೊರಾಬರೇಷನ್ ಎಂದು ಓದಬೇಕು. ಯಾರೋ ಒಬ್ಬರೇ ಬಂದು ಹೊಡೆದು ಹೋಗಿರಬೇಕು, ಯಾರೆಂಬುದು ಕಳಚಿಹೋಗಿದೆ. ಬೋರ್ಡನ್ನು ದಿನಾ ಎಲ್ಲರೂ ನೋಡಿ ತಲೆಗೊಂದು ಮಾತಾಡುವುದರಿಂದ ಅದು ಉಳಿದಿದೆ. ಜನ ಅದನ್ನು ಕೊರಾಬರಿ ಎಂದು ಮೊಟಕು ಮಾಡಿಕೊಂಡಿದ್ದಾರೆ. ಹಾಕಿಸಿದ್ರಾ ಕೊರಾಬರಿ, ನಿಂತ್ಕೊಳ್ತಾ ಕೊರಾಬರಿ ಎಂದು ಕೇಳುತ್ತಾರೆ. ಒಳಗೆ ಮೂಡಲಿಗೊಂದು ಪಡುವಲಿಗೊಂದು ಕೋಣೆ, ನಡುವೆ ಎರಡು ಮೊಳ ದಪ್ಪದ ಗೋಡೆ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳಬಾರದು. ನಾನು ಇಲ್ಲಿಯ ರೈಟರು. ಒಂದು ಕೋಣೆಯಲ್ಲಿ ಕೂತು ಮೊದಲನೆಯವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇನೆ, ಎದ್ದು ಹೋಗಿ ಎರಡನೆಯವರದನ್ನು ಎದುರಿನ ಪುಟದಲ್ಲಿ ಬರೆದುಕೊಳ್ಳುತ್ತೇನೆ. ಒಂಬತ್ತನೆಯ ಬೆಳಿಗ್ಗೆ ಪುಸ್ತಕ ತೆರೆದರೆ ನಿಂತದ್ದು ನಿಂತಿರುತ್ತದೆ, ಉಳಿದ ಜಾಗ ಬಿಳಿ. ಬರೆಯುವಾಗ ನಾನು ಆಡಬಹುದಾದ ಮಾತು ಒಂದೇ, ‘ಆಮೇಲೆ?’ ಎಂಬುದು. ಬೇರೆ ಏನು ಕೇಳಿದರೂ ಅದು ಹೇಳಿಕೊಟ್ಟಂತೆ ಎಂದು ನಿಯಮ. ಮನೆಯಲ್ಲೂ ಅದೇ ಚಾಳಿಯಾಗಿ ಹೆಂಡತಿಯಿಂದ ಬೈಸಿಕೊಳ್ಳುತ್ತೇನೆ.

ಬೋರ್ಡಿನ ಪದದ ಅರ್ಥ ನನಗೆ ತಿಳಿಸಿದವರು ನಾಗೇಶಯ್ಯ ಮೇಷ್ಟ್ರು. ಇಂಗ್ಲಿಷ್ ಕಲಿಸಿ ನಿವೃತ್ತರಾದ ಅವರು ಸಂಜೆ ಹೊತ್ತು ಕಚೇರಿಯ ಜಗಲಿಯ ಮೇಲೆ ಬಂದು ಕೂರುತ್ತಿದ್ದರು. “ನೋಡಿ ರೈಟ್ರೇ, ಜನ ಇದನ್ನ ಪ್ರೂಫ್ ಅಂದ್ಕೊಂಡಿದಾರೆ. ಪ್ರೂಫ್ ಅಂದ್ರೆ ಬಾಗಿಲು ಹಾಕಿ ಅಗುಳಿ ಜಡಿದ ಹಾಗೆ, ಅಲ್ಲಿಗೆ ಮಾತು ಮುಗೀತು. ಇದು ಹಾಗಲ್ಲ. ವಾಲ್ತಾ ಇರೋ ಚಪ್ಪರಕ್ಕೆ ಇನ್ನೊಂದು ಕಂಬ ಒತ್ತು ಕೊಡ್ತೀವಲ್ಲ, ಇದು ಅದು. ಈ ಶಬ್ದದ ಹೊಟ್ಟೆಯೊಳಗೆ ಲ್ಯಾಟಿನ್ನಿನ ಒಂದು ಗಟ್ಟಿ ಮರದ ಹೆಸರಿದೆ. ಆ ಮರ ನಮ್ಮ ಕಡೆ ಇಲ್ಲ, ಹೊನ್ನೆ ಅಂತ ಇಟ್ಕೊಳ್ಳಿ,” ಎಂದಿದ್ದರು. ಬಳಕೆ ಹೇಗೆ ಎಂದು ನಾನು ಕೇಳಿದೆ. “ಈ ಕೆಲಸ ಒಬ್ರೇ ಮಾಡೋಕಾಗಲ್ಲ, ಮೊದಲು ಮಾಡೋಕೂ ಆಗಲ್ಲ. ಯಾರೋ ಒಬ್ರು ಏನೋ ಹೇಳಿರ್ಬೇಕು, ಇನ್ನೊಬ್ರು ಬೇರೆ ದಾರೀಲಿ ನಡ್ಕೊಂಡು ಅದೇ ಜಾಗಕ್ಕೆ ಬಂದು ನಿಲ್ಬೇಕು. ಇದ್ದ ಕಂಬಾನೇ ಎರಡು ಸಲ ಎಣಿಸಿದ್ರೆ ಚಪ್ಪರ ನಿಲ್ಲುತ್ತಾ?” ಅಂದರು. ನಿಲ್ಲುವುದಿಲ್ಲ, ನನ್ನ ತಲೆಯ ಮೇಲೇ ಎಷ್ಟೋ ಸಲ ಬಿದ್ದಿದೆ ಎಂದು ನಾನೂ ಸೇರಿಸಿದೆ. ಆದ್ದರಿಂದ ಆ ಸಂಜೆ ಉಳಿದುಕೊಂಡಿದೆ.

ಇನ್ನೊಂದನ್ನು ಹೇಳಿಬಿಡಬೇಕು. ರೈಟರಿಗೆ ಯಾವುದೂ ಕಳಚುವುದಿಲ್ಲ. ಏಕೆಂದು ನನಗೆ ಗೊತ್ತಿಲ್ಲ, ನನಗಿಂತ ಮುಂಚೆ ಇದ್ದ ರೈಟರಿಗೂ ಗೊತ್ತಿರಲಿಲ್ಲ. ಊರವರ ಬಾಯಿಂದ ಬಿದ್ದದ್ದೆಲ್ಲ ನನ್ನ ತಲೆಯಲ್ಲಿ ಹಾಗೇ ಇದೆ. ಆದರೆ ಅದರಿಂದ ಯಾರಿಗೂ ಉಪಯೋಗವಿಲ್ಲ, ಕಚೇರಿಗೆ ಬಂದ ಸಂಗತಿಗೆ ರೈಟರ ಬಾಯಿಯನ್ನು ಬಾಯಿ ಎಂದು ಎಣಿಸುವುದಿಲ್ಲ. ತೀರಿಹೋಗಿದ್ದ ತಮ್ಮ ಮಾವಿನ ತೋಪಿನ ಒಂದು ಮರದಡಿ ನಿಂತಿದ್ದನ್ನು ಕಂಡೆ ಎಂದು ಒಬ್ಬ ಬಂದು ಬರೆಸಿದ್ದ. ಅವನಿಗೆ ಎರಡನೆಯವರು ಸಿಗಲಿಲ್ಲ. ಈಗ ಅವನು ಆ ತೋಪಿನಲ್ಲಿ ಬೀಡಿ ಸೇದುತ್ತ ಓಡಾಡುತ್ತಾನೆ, ನಾನು ಮಾತ್ರ ಆ ಮರದ ಬಳಿ ಹೋಗುವುದಿಲ್ಲ. ಇಂಥವು ನೂರಾರು ಇರುವಾಗ ಮನುಷ್ಯ ಸ್ವಲ್ಪ ದೂರ ನಿಲ್ಲುವುದನ್ನು ಕಲಿಯುತ್ತಾನೆ. ಕಲ್ಲು ಮನಸ್ಸಿನವನು ಎಂದು ಊರಲ್ಲಿ ನನಗೆ ಹೆಸರಿದೆ. ಇರಲಿ.

ಸುಣ್ಣದ ಭಟ್ಟಿಯ ರಂಗದಾಸಯ್ಯನವರೂ ಅವರ ಒಬ್ಬಳೇ ಮಗಳು ಪದ್ಮಾವತಿಯೂ ಹದಿನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದರು. ಕಾರಣ ಯಾರಿಗೂ ಗೊತ್ತಿರಲಿಲ್ಲ, ಅವರಿಬ್ಬರಿಗೂ. ಊಟಕ್ಕೆ ಕೂತಾಗ ಯಾವುದೋ ಮಾತಿಗೆ ಮಾತು ಬೆಳೆದಿತ್ತು, ತಾಯಿ ತಿಮ್ಮಾಜಮ್ಮ ನೀರಿಗೆ ಹೋಗಿದ್ದರು. ಅಪ್ಪ ಮಗಳು ಇಬ್ಬರೂ ಹಟಕ್ಕೆ ಬಿದ್ದು ಅದೇನೆಂದು ಆಮೇಲೆ ಒಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ, ಒಂಬತ್ತನೆಯ ದಿನ ಅದು ಕಳಚಿತು. ಆದರೆ ಅಂದು ಬೀದಿಗೆ ಬಂದು ಕೂಗಾಡಿದ್ದನ್ನು ಇಡೀ ಕೇರಿ ನೋಡಿತ್ತು. ನನ್ನ ಹೊಸಿಲು ತುಳಿಯಕೂಡದು ಎಂದು ಅವರು ಅಂದದ್ದಕ್ಕೆ ಮೂವತ್ತು ಬಾಯಿ, ತುಳಿದರೆ ಕೇಳಿ ಎಂದು ಇವಳು ಅಂದದ್ದಕ್ಕೂ ಮೂವತ್ತು ಬಾಯಿ. ಹೀಗೆ ಕಾರಣ ಹೋಗಿ ಜಗಳ ಉಳಿಯಿತು. ಪದ್ಮಾವತಿ ಹೊಳೆಯಾಚೆ ಗಂಡನ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಸೇತುವೆ ದಾಟಿದರೆ ಅಪ್ಪನ ಮನೆ. ದಾಟಲಿಲ್ಲ.

ಒಂದು ಗುರುವಾರ ಬೆಳಿಗ್ಗೆ ರಂಗದಾಸಯ್ಯ ತೀರಿಕೊಂಡರು. ಮೂರು ದಿನದಿಂದ ಮಾತು ನಿಂತಿತ್ತು. ಹಾಸಿಗೆ ಹಿಡಿದವರಿಗೆ ಮನೆಗೇ ಹೋಗಿ ಕ್ಷೌರ ಮಾಡುವ ಅಂಕಪ್ಪ ಬಂದು ಗಡ್ಡ ಕೆರೆದು ಹೋಗಿದ್ದ, ಅವನು ಹೋದ ಒಂದು ಗಂಟೆಗೆ ಉಸಿರು ಹೋಯಿತು. ಹೆಣ ಎತ್ತುವಾಗ ಪದ್ಮಾವತಿ ಎದುರುಮನೆಯ ಗೋಡೆಗೆ ಒರಗಿ ನಿಂತಿದ್ದಳು, ಹೊಸಿಲ ಕಡೆ ಕಾಲಿಡಲಿಲ್ಲ. ತಿಮ್ಮಾಜಮ್ಮ ಓಡಿಹೋಗಿ ಅವಳ ಕೈ ಹಿಡಿದುಕೊಂಡು, ಸಾಯುವ ಮುಂಚೆ ನಿಮ್ಮಪ್ಪ ಬಾಯಿ ಬಿಟ್ಟು ನಿನ್ನನ್ನು ಕರೆದರು, ಬಾ ಒಳಗೆ ಎಂದರು. ಮಗಳು ಕೈ ಬಿಡಿಸಿಕೊಂಡಳು.

“ಅವ್ವ, ಹದಿನಾಲ್ಕು ವರ್ಷದಿಂದ ನೀನು ಇದನ್ನೇ ಹೇಳ್ತಿದ್ದೀಯ. ಹಬ್ಬಕ್ಕೆ ಸೀರೆ ಕಳ್ಸಿ ಅಪ್ಪಯ್ಯನೇ ಕಳ್ಸಿದ್ದು ಅಂದೆ. ನಂಗೆ ಜ್ವರ ಬಂದಾಗ ಅಪ್ಪಯ್ಯ ಊಟ ಬಿಟ್ಟವ್ರೆ ಅಂದೆ. ಒಂದಾದ್ರೂ ನಿಂತದಾ? ಕೊರಾಬರಿ ಹಾಕ್ಸು. ನಿಂತ್ರೆ ಬತ್ತೀನಿ. ನಿಲ್ಲಲಿಲ್ಲ ಅಂದ್ರೆ ಇನ್ ಮ್ಯಾಕೆ ನನ್ನ ಕರೀಬ್ಯಾಡ.”

ಇದನ್ನು ನನಗೆ ಹೇಳಿದವರು ಮೂರು ಜನ, ಮೂರು ಥರ ಹೇಳಿದರು. ಆದ್ದರಿಂದ ನಂಬಬಹುದು.

ತಿಮ್ಮಾಜಮ್ಮನಿಗೆ ಇದ್ದದ್ದು ಎಂಟು ದಿನ. ಅಂಕಪ್ಪ ಅಲ್ಲೇ ಇದ್ದವನು, ಅವನೇ ಎರಡನೆಯ ಬಾಯಿ. ಆದರೆ ಅಂಕಪ್ಪನ ಬಾಯಿ ಎಂಥದೆಂದು ಊರಿಗೇ ಗೊತ್ತು. ಒಂದು ಸೊಳ್ಳೆ ಹೊಡೆದ ಕಥೆಯನ್ನು ಅರ್ಧ ಗಂಟೆ ಹೇಳುತ್ತಾನೆ, ನಡುವೆ ಮೂರು ಮದುವೆಗೆ ಹೋಗಿಬರುತ್ತಾನೆ. ಇವನನ್ನು ನಂಬಿದರೆ ಕೆಟ್ಟೆ ಎಂದು ಆಕೆಗೆ ಅನ್ನಿಸಿರಬೇಕು. ದಿನಾ ಸಂಜೆ ಹಿತ್ತಲಿಗೆ ಕರೆದು ಕೂರಿಸಿಕೊಂಡು ಪಾಠ ಹೇಳಿಕೊಟ್ಟರು. ಒಂದೇ ಮಾತು ಒಂದೇ ಬಾಯಿಯ ಲೆಕ್ಕ ಎಂದು ಆಕೆಗೆ ತಿಳಿಯದೆ? ನಮ್ಮೂರಿನ ಹಾಲು ಕುಡಿಯುವ ಮಗುವಿಗೂ ತಿಳಿದಿದೆ. ಆದರೂ ಭಯವಾದಾಗ ಜನ ಹೀಗೆಯೇ ಮಾಡುತ್ತಾರೆ. ಬಾವಿಯ ವಿಷಯಕ್ಕೆ ಇಬ್ಬರು ಅಣ್ಣತಮ್ಮಂದಿರು ಹೀಗೇ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಒಂಬತ್ತನೆಯ ದಿನ ಆ ಬಾವಿ ತೋಡಿದ್ದು ಅವರ ಅಪ್ಪ ಎಂಬುದೇ ಹೋಯಿತು.

ಎಂಟನೆಯ ದಿನ, ಮತ್ತೆ ಗುರುವಾರ, ಹನ್ನೊಂದು ಗಂಟೆಗೆ ಬಂದರು. ತಿಮ್ಮಾಜಮ್ಮ ಮುಂದೆ, ಹಿಂದೆ ಅಂಕಪ್ಪ. ಅವನ ತುಟಿ ಅಲ್ಲಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ಪದ್ಮಾವತಿಯೂ ಬಂದು ಜಗಲಿಯ ತುದಿಯಲ್ಲಿ ಕೂತಳು, ಕೆಲಸ ಬಿಟ್ಟು ಬಂದವಳು, ಅಳತೆ ಟೇಪು ಕುತ್ತಿಗೆಯಲ್ಲೇ ಇತ್ತು. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನು ತಿಮ್ಮಾಜಮ್ಮನನ್ನು ಮೂಡಲ ಕೋಣೆಗೆ ಕರೆದುಕೊಂಡು ಹೋಗಿ ಪುಸ್ತಕ ಬಿಚ್ಚಿದೆ.

“ಗುರುವಾರ ಬೆಳಿಗ್ಗೆ. ಬಿಸಿಲು ಹಾಸಿಗೆ ಮ್ಯಾಕೆ ಬಂದಿತ್ತು. ಅಂಕಪ್ಪ ಗಡ್ಡ ಕೆರೀತಿದ್ದ. ಯಜಮಾನ್ರು ಕಣ್ ಬುಟ್ರು. ನನ್ನ ಕಡೆ ತಿರುಗುದ್ರು. ಪದ್ದಿಗೆ ಬರಕ್ಕೆ ಯೋಳು, ನಂಗೆ ಅವಳ ಮ್ಯಾಲೆ ಯಾವ ಕೋಪಾನೂ ಇಲ್ಲ ಅಂದ್ರು. ಒಂದ್ ಗುಟುಕು ನೀರು ಕುಡುದ್ರು.”

“ಆಮೇಲೆ?”

“ಅಷ್ಟೇ ರೈಟ್ರೇ.” ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. “ನಾಳೆ ಇದು ಬಿದ್ದೋದ್ರೆ ನಂಗೂ ಮರ್ತೋಯ್ತದಲ್ವಾ?”

ಅದಕ್ಕೆ ಉತ್ತರ ಹೇಳಲು ನನಗೆ ಹಕ್ಕಿಲ್ಲ. ಪುಸ್ತಕ ಎತ್ತಿಕೊಂಡು ಎದ್ದೆ.

ಪಡುವಲ ಕೋಣೆಯಲ್ಲಿ ಅಂಕಪ್ಪ ಕೈಕಟ್ಟಿಕೊಂಡು ನಿಂತೇ ಇದ್ದ. ಕೂರು ಎಂದು ಕೈಸನ್ನೆ ಮಾಡಿದೆ, ಕೂರಲಿಲ್ಲ. ಗೋಡೆ ನೋಡಿಕೊಂಡು ಶುರು ಮಾಡಿದ.

“ಗುರುವಾರ ಬೆಳಿಗ್ಗೆ. ಬಿಸಿಲು ಹಾಸಿಗೆ ಮ್ಯಾಕೆ ಬಂದಿತ್ತು. ಅಂಕಪ್ಪ ಗಡ್ಡ ಕೆರೀತಿದ್ದ. ಯಜಮಾನ್ರು ಕಣ್ ಬುಟ್ರು. ನನ್ನ ಕಡೆ ತಿರುಗುದ್ರು...”

ಅಂಕಪ್ಪ ಗಡ್ಡ ಕೆರೀತಿದ್ದ ಎಂದು ಅಂಕಪ್ಪನೇ ಹೇಳಿದ. ತಿಮ್ಮಾಜಮ್ಮನ ‘ನನ್ನ ಕಡೆ’ಯನ್ನೂ ಹಾಗೇ ಎತ್ತಿಕೊಂಡು ಬಂದಿದ್ದ. ಒಂದಕ್ಷರ ಆಚೀಚೆ ಇಲ್ಲ. ನೀರಿನ ಗುಟುಕಿನವರೆಗೆ ಬರೆದುಕೊಂಡೆ. ಎಡಪುಟ ನೋಡಿದೆ, ಬಲಪುಟ ನೋಡಿದೆ. ಒಂದನ್ನು ಇಟ್ಟು ಇನ್ನೊಂದನ್ನು ನಕಲು ಮಾಡಿದಂತಿತ್ತು. ನಾಳೆ ಬೆಳಿಗ್ಗೆ ಎರಡೂ ಬಿಳಿ. ಅಲ್ಲಿಗೆ ಆ ಮುದುಕ ಹದಿನಾಲ್ಕು ವರ್ಷವೂ ಬಾಯಿ ಬಿಡದೆ ಸತ್ತಂತೆ. ಮಗಳು ಸೇತುವೆಯ ಆಚೆಯೇ, ತಾಯಿಗೆ ತಾನು ಯಾತಕ್ಕೆ ಓಡಾಡಿದೆ ಎಂಬುದೂ ನೆನಪಿರುವುದಿಲ್ಲ.

ನಿಯಮದ ಪ್ರಕಾರ ಪುಸ್ತಕ ಮುಚ್ಚಬೇಕಿತ್ತು. ಇಂಥ ಎಷ್ಟೋ ಪುಸ್ತಕ ಮುಚ್ಚಿದ್ದೇನೆ. ಕನಿಕರದಿಂದ ನಿಯಮ ಮುರಿದೆ ಎಂದು ಹೇಳಿಕೊಂಡರೆ ಚೆನ್ನಾಗಿರುತ್ತದೆ, ಆದರೆ ನಿಜವಾಗಿ ನನಗೆ ಬಂದದ್ದು ಸಿಟ್ಟು. ಹದಿನೇಳು ವರ್ಷದಿಂದ ನನ್ನ ತಲೆ ಅಂಕಪ್ಪನ ಕೈಯಲ್ಲಿದೆ. ಊರಿನ ಸುದ್ದಿಯನ್ನೆಲ್ಲ ನನ್ನ ಕಿವಿಗೆ ಸುರಿದು ತಲೆ ಕೆಡಿಸಿದ ಮನುಷ್ಯ ಹೀಗೆ ಗೋಡೆ ನೋಡಿಕೊಂಡು ಆರು ಸಾಲು ಒಪ್ಪಿಸುವುದನ್ನು ನೋಡಲಾಗಲಿಲ್ಲ. ಲೇಖನಿ ಕೆಳಗಿಟ್ಟೆ.

“ಕತ್ತಿ ಎಲ್ಲಿತ್ತು ಅಂಕಪ್ಪ?” ಎಂದೆ.

ಅವನು ಬೆಚ್ಚಿದ. ಪಾಠದಲ್ಲಿ ಕತ್ತಿ ಇರಲಿಲ್ಲ. ನನ್ನನ್ನು ನೋಡಿದ, ತನ್ನ ಬಲಗೈ ನೋಡಿಕೊಂಡ. ಆಮೇಲೆ ನಿಧಾನಕ್ಕೆ ಕೈಯೆತ್ತಿ ತನ್ನ ಗದ್ದದ ಕೆಳಗೆ, ಗಂಟಲ ಮೇಲೆ ಬೆರಳು ಇಟ್ಟುಕೊಂಡ.

“ಇಲ್ಲಿ. ಗಂಟಲುಗಂಟಿನ ತಾವ. ಅಲ್ಲಿ ಕತ್ತಿ ಆಡ್ವಾಗ ಯಾರೂ ಮಾತಾಡಲ್ಲ ರೈಟ್ರೇ. ನೀವೂ ಆಡಲ್ಲ. ಅವರು ಮೂರು ದಿನದಿಂದ ಬಾಯೇ ಬಿಟ್ಟಿಲ್ಲ, ಮಾತಾಡ್ತಾರೆ ಅಂತ ನಂಗೇನ್ ಗೊತ್ತು? ಗಂಟು ಮ್ಯಾಕೆದ್ತು. ಕಿವಿಗಿಂತ ಮುಂಚೆ ಕೈಗೆ ಗೊತ್ತಾಯ್ತು. ಅಷ್ಟರಲ್ಲಿ ಕೊಯ್ದೋಗಿತ್ತು.” ಅವನು ಈಗ ಕೂತ. “ಅಕ್ಕಿಕಾಳಷ್ಟು. ಪಟಿಕ ಒತ್ತಿದೆ. ನಲವತ್ತು ವರ್ಸದಲ್ಲಿ ಒಬ್ಬರಿಗೂ ಗಾಯ ಮಾಡ್ದೋನಲ್ಲ, ಸಾಯೋ ಮನ್ಸನ ಕತ್ತು ಕೊಯ್ದೆ. ಅವ್ವಾರು ಹೇಳ್ಕೊಟ್ಟಿದ್ರಲ್ಲಿ ಗಾಯ ಇರ್ಲಿಲ್ಲ. ಇದೇ ಆಗ್ಲಿ, ಯಾರ್ಗೂ ಗೊತ್ತಾಗಲ್ಲ ಅಂತ ಒಪ್ಕೊಂಡೆ.”

“ಆಮೇಲೆ?”

“ಪದ್ದಿ ಬಂದ್ಲಾ ಅಂದ್ರು.”

ನಾನು ಲೇಖನಿ ಎತ್ತಿಕೊಂಡೆ.

“ಅಷ್ಟೇಯಾ. ಕೋಪ ಐತೆ ಇಲ್ಲ ಏನೂ ಅನ್ನಲಿಲ್ಲ. ಅವ್ವಾರು ಅಲ್ಲಿರಲಿಲ್ಲ, ಬಿಸ್ನೀರಿಗೆ ಒಲೆ ತಾವ ಹೋಗಿದ್ರು. ಕೇಳಿದ್ದು ನನ್ನೇಯಾ. ನಾನೇನ್ ಹೇಳ್ಲಿ ಸ್ವಾಮಿ? ಇಲ್ಲ ಅನ್ನಕ್ಕೆ ಬಾಯಿ ಬರಲಿಲ್ಲ. ಬತ್ತಾವ್ಳೆ ಅಂದೆ. ಸುಳ್ಳು ಹೇಳ್ದೆ.”

“ಆಮೇಲೆ?”

“ಗದ್ದ ಎತ್ತುದ್ರು. ತಾವಾಗೇ ಎತ್ತುದ್ರು. ಅಷ್ಟೊತ್ತು ನಾನೇ ಹಿಡ್ಕೊಂಡು ಎತ್ತಿಸ್ತಿದ್ದೆ. ಹಂಗಾರೆ ನುಣ್ಣಗೆ ಕೆರಿ, ಮುಳ್ಳು ಉಳಿಸ್ಬ್ಯಾಡ ಅಂದ್ರು. ಎರಡು ಸಲ ಸೋಪು ಹಚ್ಚಿ ಕೆರ್ದೆ. ಕೆನ್ನೆ ಮ್ಯಾಲೆ ಕೈ ಆಡಿಸ್ಕೊಂಡು ನೋಡುದ್ರು. ಕಣ್ ಮುಚ್ಚುದ್ರು.”

ಎಲ್ಲವನ್ನೂ ಬರೆದೆ. ನಾನು ಕೇಳಿದ ಪ್ರಶ್ನೆಯನ್ನೂ ಬರೆದೆ, ತಪ್ಪು ಮಾಡಿದ ಮೇಲೆ ಮುಚ್ಚಿಡುವುದು ಇನ್ನೊಂದು ತಪ್ಪು. ಮುಗಿಸಿ ತಲೆಯೆತ್ತುವಷ್ಟರಲ್ಲಿ ಅಂಕಪ್ಪ ಎದ್ದು ಹೊರಗೆ ಹೋಗಿದ್ದ. ಗುಟ್ಟು ಒಂದು ಸಲ ಬಾಯಿ ಬಿಟ್ಟ ಮೇಲೆ ಅವನು ಅವನೇ ಆಗಿಬಿಟ್ಟಿದ್ದ. ನಾನು ಜಗಲಿಗೆ ಬಂದಾಗ ಪದ್ಮಾವತಿಯ ಎದುರಿಗೆ ಕೂತು, ಕತ್ತಿ, ಗಾಯ, ಪಟಿಕ, ಪಟಿಕವನ್ನು ಯಾವ ಸಂತೆಯಲ್ಲಿ ಕೊಂಡದ್ದು, ಎಲ್ಲವನ್ನೂ ಹೇಳಿ ಅಳುತ್ತಿದ್ದ. ತಿಮ್ಮಾಜಮ್ಮ ಬಾಗಿಲಲ್ಲಿ ನಿಂತಿದ್ದರು.

“ಏನ್ ಮಾಡ್ಬುಟ್ಟೆ ಅಂಕಪ್ಪ! ಎಂಟು ದಿನ ಹೇಳ್ಕೊಟ್ಟೆನಲ್ಲೋ! ಹಾಳ್ ಮಾಡ್ಬುಟ್ಯಲ್ಲೋ!”

“ನೀನು ಸುಮ್ಕಿರವ್ವ,” ಎಂದಳು ಪದ್ಮಾವತಿ. ಅಂಕಪ್ಪನ ಕಡೆ ತಿರುಗಿದಳು. “ಅಪ್ಪಯ್ಯ ಏನಂದ್ರು? ಕಡೇದು. ಇನ್ನೊಂದ್ಸಲ ಹೇಳು.”

“ನುಣ್ಣಗೆ ಕೆರಿ, ಮುಳ್ಳು ಉಳಿಸ್ಬ್ಯಾಡ ಅಂದ್ರು ತಾಯಿ.”

ಅವಳು ಕುತ್ತಿಗೆಯಿಂದ ಟೇಪು ತೆಗೆದು ಬೆರಳಿಗೆ ಸುತ್ತಿಕೊಳ್ಳತೊಡಗಿದಳು. ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. “ರೈಟ್ರೇ, ನಾನೂ ಒಂದು ಬರೆಸ್ಬೇಕು,” ಎಂದಳು. ಮೂರನೆಯ ಬಾಯಿಗೆ ನಿಯಮ ಅಡ್ಡಿಯಿಲ್ಲ, ಹಾಗೆ ಕೇಳಿದವರು ಮಾತ್ರ ಯಾರೂ ಇರಲಿಲ್ಲ. ಮೂಡಲ ಕೋಣೆ ತೋರಿಸಿದೆ.

“ಆವತ್ತಿನದು ನಂಗೊತ್ತಿಲ್ಲ, ನಾನಲ್ಲಿರಲಿಲ್ಲ,” ಎಂದು ಶುರು ಮಾಡಿದಳು. “ನಾನು ಐದಾರು ವರ್ಷದೋಳು. ಅಪ್ಪಯ್ಯ ಭಟ್ಟಿಯಿಂದ ಬಂದು ಎತ್ಕೊಳ್ಳೋಕೆ ಬಂದ್ರೆ ಕಿರುಚ್ಕೊಳ್ತಿದ್ದೆ. ಮುಳ್ಳು ಚುಚ್ಚುತ್ತೆ, ಬರ್ಬ್ಯಾಡ ಅಂತಿದ್ದೆ. ಮುಳ್ಳಲ್ಲ ಕಣವ್ವ ಅನ್ನೋರು. ಗಡ್ಡ. ಒಂದಿನ ಅವರಿಗೆ ಬೇಜಾರಾಯ್ತೇನೋ, ಮಾರನೇ ದಿನದಿಂದ ಬೆಳಿಗ್ಗೆ ಕನ್ನಡಿ ಇಟ್ಕೊಂಡು ತಾವೇ ಕೆರ್ಕೊಳ್ಳೋಕೆ ಶುರು ಮಾಡುದ್ರು. ದಿನಾ. ಭಟ್ಟಿ ಕೆಲಸದೋರು ಯಾರೂ ದಿನಾ ಕೆರ್ಕೊಳ್ಳಲ್ಲ ರೈಟ್ರೇ. ಕೆರೆದ ಕೆನ್ನೆಗೆ ಸುಣ್ಣದ ಧೂಳು ಬಿದ್ರೆ ಬೆಂಕಿ ಇಟ್ಟಂಗೆ ಉರೀತದೆ. ಸಂಜೆ ಬರೋವಾಗ ಮುಖ ಕೆಂಪಗಾಗಿರೋದು. ಬಿಸಿಲಿಗೆ ಅಂತ ನಾನು ಅಂದ್ಕೊಂಡಿದ್ದೆ.” ಟೇಪನ್ನು ಮೇಜಿನ ಮೇಲೆ ಇಟ್ಟಳು. “ಅಂಕಪ್ಪಂಗೆ ಇದು ಗೊತ್ತಿಲ್ಲ. ಅವ್ವಂಗೂ ಗೊತ್ತಿಲ್ಲ, ಅವರು ಯಾತಕ್ಕೆ ಕೆರ್ಕೊಳ್ತಿದ್ರು ಅಂತ. ನಂಗೂ ಈಗ್ಲೇ ಗೊತ್ತಾಗಿದ್ದು.”

ಆಮೇಲೆ ಎಂದು ಕೇಳಬೇಕಿತ್ತು. ಕೇಳಲಾಗಲಿಲ್ಲ. ಬಾಯಿಪಾಠ ಕಟ್ಟಿಕೊಂಡು ಬಂದವರು, ಹುಸಿ ಹೇಳಿದವರು, ನಿಜ ಹೇಳಿಯೂ ಸೋತವರು, ಎಲ್ಲರ ಮುಂದೆಯೂ ಒಣಗಿದ ಕಣ್ಣಿನಲ್ಲಿ ಕೂತಿದ್ದವನು ನಾನು. ಆ ದಿನ ಪುಟದ ಮೇಲೆ ಎರಡು ಹನಿ ಬಿತ್ತು, ಶಾಯಿ ಕದಡಿತು. ಅದನ್ನು ಇಲ್ಲಿ ಹೇಳಲು ನಾಚಿಕೆಯಿಲ್ಲ.

ತಿಮ್ಮಾಜಮ್ಮ ತಾವಾಗಿಯೇ ಒಳಗೆ ಬಂದು ಮಗಳು ಎದ್ದ ಜಾಗದಲ್ಲಿ ಕೂತರು. “ಹೊಡೆದಾಕ್ಬುಡಿ ರೈಟ್ರೇ, ನಾನು ಮೊದಲು ಹೇಳಿದ್ದನ್ನ,” ಎಂದರು. ಹೊಡೆದುಹಾಕಲು ಬರುವುದಿಲ್ಲ, ಬೇಕಾದರೆ ಮುಂದೆ ಸೇರಿಸಬಹುದು ಎಂದು ಸನ್ನೆ ಮಾಡಿದೆ. “ಒಲೆ ಮುಂದೆ ಇದ್ದೆ. ದನಿ ಕೇಳ್ತು. ಪದ್ದಿ ಅಂದದ್ದು ಕೇಳ್ತು. ಹದಿನಾಲ್ಕು ವರ್ಸದಲ್ಲಿ ಆ ಬಾಯಿಂದ ಆ ಹೆಸರು ಬಂದಿದ್ದು ಅದೊಂದೇ ಸಲ. ನನ್ ಕಿವಿನೇ ಸುಳ್ಳು ಅಂದ್ಕೊಂಡು ನೀರು ಕಾಯೋಗಂಟ ನಿಂತೆ. ಚೊಂಬು ತಗೊಂಡು ಬರೋ ಹೊತ್ಗೆ ಕಣ್ ಮುಚ್ಚಿದ್ರು. ಮಿಕ್ಕಿದ್ದೆಲ್ಲ ನಾನೇ ಕಟ್ದೆ. ಬರೀ ಹೆಸರು ಹೇಳುದ್ರೆ ಇವಳು ಬತ್ತಾಳಾ ಅಂತ.” ಮತ್ತೊಂದು ಸೇರಿಸಿದರು. “ನೀರು ಹುಯ್ಯೋವಾಗ ಗದ್ದದ ಕೆಳಗೆ ಒಂದು ಕೆಂಪು ಗೆರೆ ಇತ್ತು. ಏನು ಅಂತ ಗೊತ್ತಾಗಿರ್ಲಿಲ್ಲ.”

ನಾಳೆ ಬೆಳಿಗ್ಗೆ ಬಂದು ಪುಸ್ತಕ ನೋಡಿಕೊಂಡು ಹೋಗಿ ಎಂದು ಮೂವರಿಗೂ ಹೇಳಿದೆ. ಅದನ್ನು ಎಲ್ಲರಿಗೂ ಹೇಳುತ್ತೇನೆ. ಮೂವರೂ ಮೆಟ್ಟಿಲು ಇಳಿದು ಹೋದರು. ಯಾರು ಯಾವ ಕಡೆ ತಿರುಗಿದರು ಎಂದು ನಾನು ನೋಡಲಿಲ್ಲ, ಕಣ್ಣು ಒರೆಸಿಕೊಳ್ಳುತ್ತಿದ್ದೆ.

ಮನೆಗೆ ಹೋದ ಮೇಲೆ ಲೆಕ್ಕ ಹಾಕಿದೆ. ಪದ್ದಿ ಎಂಬ ಹೆಸರಿಗೆ ಎರಡು ಬಾಯಿ ಇದೆ, ನಿಲ್ಲುತ್ತದೆ. ಕತ್ತಿಗೆ ತಿಮ್ಮಾಜಮ್ಮ ಕಂಡ ಗೆರೆ ಇದೆ. ನುಣ್ಣಗೆ ಕೆರಿ ಎಂಬುದಕ್ಕೆ ಮಗಳ ಮಾತು ಒತ್ತು ಕೊಡುತ್ತದೆ. ಆದರೆ ನಡುವಿನ ಒಂದು ಸಾಲು ನನ್ನನ್ನು ಕೊರೆಯತೊಡಗಿತು. ‘ಬತ್ತಾವ್ಳೆ ಅಂದೆ.’ ಅದಕ್ಕೆ ಅಂಕಪ್ಪ ಒಬ್ಬನೇ, ಅದೂ ಸುಳ್ಳು ಎಂದು ಅವನೇ ಒಪ್ಪಿಕೊಂಡಿದ್ದಾನೆ. ಅದು ಹೋದರೆ ಮುದುಕ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲೇ ಇಲ್ಲ ಎಂದಾಗುತ್ತದೆ. ಉತ್ತರ ಸಿಗದೆ ಯಾರು ಗದ್ದ ಎತ್ತುತ್ತಾರೆ? ಊಟ ಸೇರಲಿಲ್ಲ. ಹೆಂಡತಿ ಏನಾಯಿತೆಂದು ಕೇಳಿದಳು, ಮಜ್ಜಿಗೆಗೆ ಉಪ್ಪು ಸಾಲದು ಎಂದೆ.

ಬೆಳಿಗ್ಗೆ ಕಚೇರಿಯ ಬೀಗ ತೆಗೆದವನೇ ಪುಸ್ತಕ ಬಿಚ್ಚಿದೆ. ತಿಮ್ಮಾಜಮ್ಮ ಮೊದಲು ಹೇಳಿದ ಭಾಗ ಪೂರ್ತಿ ಬಿಳಿ. ಅಂಕಪ್ಪ ಒಪ್ಪಿಸಿದ ಪಾಠ ಬಿಳಿ. ಅದರ ಕೆಳಗೆ ಕತ್ತಿ ಇತ್ತು, ಗಾಯ ಇತ್ತು. ಪದ್ದಿ ಬಂದ್ಲಾ ಇತ್ತು. ಅದರ ಮುಂದಿನ ಸಾಲೂ ಇತ್ತು, ಉಳಿದೆಲ್ಲಕ್ಕಿಂತ ಕಪ್ಪಗೆ, ಈಗ ತಾನೇ ಬರೆದಂತೆ. ಕಿಟಕಿಯ ಹತ್ತಿರ ಹಿಡಿದು ನೋಡಿದೆ, ಪುಟ ಮಗುಚಿ ಮತ್ತೆ ನೋಡಿದೆ. ಯಾರು ಒತ್ತು ಕೊಟ್ಟರು ಎಂದು ಹೊಳೆಯಲಿಲ್ಲ.

ಹತ್ತು ಗಂಟೆಯವರೆಗೆ ಪುಸ್ತಕ ತೆರೆದಿಟ್ಟುಕೊಂಡು ಕಾದೆ. ತಾಯಿಯೂ ಬರಲಿಲ್ಲ, ಮಗಳೂ ಬರಲಿಲ್ಲ. ಇಷ್ಟು ಹಟ ಮಾಡಿ ಬರೆಸಿ ನೋಡಲು ಬಾರದವರನ್ನು ನಾನು ಕಂಡಿರಲಿಲ್ಲ. ಹತ್ತೂವರೆಗೆ ಅಂಕಪ್ಪ ಬಂದ.

“ರಂಗದಾಸಯ್ಯನೋರ ಮನೆ ತಾವ ಹೋಗಿದ್ದೆ ರೈಟ್ರೇ, ಅವ್ವಾರನ್ನ ಕರ್ಕೊಂಡು ಬರಾನ ಅಂತ. ಕದ ತಟ್ಟುದ್ರೆ ಪದ್ದಮ್ಮ ತೆಗುದ್ರು. ನಿನ್ನೆ ಇಲ್ಲಿಂದ ಸೀದಾ ಅಲ್ಲಿಗೇ ಹೋದ್ರಂತೆ. ಪುಸ್ತಕ ನೋಡಾಕೆ ಬರಲ್ವಾ ತಾಯಿ ಅಂದೆ. ಯಾವ ಪುಸ್ತಕ ಅಂದ್ರು, ಆಮ್ಯಾಕೆ ನೆಪ್ಪು ಮಾಡ್ಕೊಂಡು, ಕೈ ಬಿಡುವಿಲ್ಲ ಅಂದ್ರು. ಅಟ್ಟ ಗುಡಿಸ್ತಾವ್ರೆ.”

ಬೇರೆ ದಾರಿಯಲ್ಲಿ ನಡೆದು ಆ ಸಾಲಿಗೆ ಒತ್ತು ಕೊಟ್ಟವರು ಯಾರೆಂದು ಆಗ ಹೊಳೆಯಿತು. ಅವನನ್ನು ಮೇಜಿನ ಹತ್ತಿರ ಕರೆದೆ. ಅಂಕಪ್ಪನಿಗೆ ಓದಲು ಬರುವುದಿಲ್ಲ. ಅವನ ಬಲಗೈ ಹಿಡಿದು, ತೋರುಬೆರಳನ್ನು ಆ ಸಾಲಿನ ಮೇಲೆ ಇಟ್ಟು ಓದಿ ಹೇಳಿದೆ.

“ಬತ್ತಾವ್ಳೆ.”